ಫೋರ್ಟ್ ಬೋವಿಗೆ ಹೋಗ್ತೀರಾ? ನೀರು ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ

ಊರಿಂದ ಅಪ್ಪ ಅಮ್ಮ ಬಂದರೆ ಅರಿಜೋನಾದಲ್ಲಿರುವ ನಾವೆಲ್ಲ ಮೊದಲು ಗ್ರ್ಯಾಂಡ್ ಕ್ಯಾನಿಯನ್ ತೋರಿಸುತ್ತೇವೆ, ಆಮೇಲೆ ಇನ್ನೇನು ತೋರಿಸೋದು ಅಂತ ತಲೆ ಕೆರೆದುಕೊಳ್ಳುತ್ತೇವೆ. ನಮ್ಮಪ್ಪ ಚಿತ್ರದುರ್ಗದವರು, ಕೋಟೆ ಅಂದರೆ ಊಟ ಬಿಟ್ಟು ಎದ್ದು ಬರುವವರು. ಅದಕ್ಕೇ ಕಳೆದ ಜೂನ್‌ನಲ್ಲಿ ಫೀನಿಕ್ಸ್‌ನಿಂದ ಮೂರೂವರೆ ಗಂಟೆ ಕಾರು ಓಡಿಸಿಕೊಂಡು ಅಮೆರಿಕನ್ ಸೈನ್ಯದ ಹಳೇ ಕೋಟೆ ಫೋರ್ಟ್ ಬೋವಿಗೆ ಕರೆದುಕೊಂಡು ಹೋದೆ. ಜೂನ್‌ನಲ್ಲಿ ಹೊರಟಿದ್ದೇ ಮೊದಲ ತಪ್ಪು.

ಇಲ್ಲಿ ಕಾರು ಕೋಟೆ ತನಕ ಹೋಗಲ್ಲ. ಅಪಾಚೆ ಪಾಸ್ ರಸ್ತೆಯ ಪಕ್ಕ ನಿಲ್ಲಿಸಿ ಒಂದೂವರೆ ಮೈಲಿ ನಡೆಯಬೇಕು, ವಾಪಸ್ ಬರಲು ಮತ್ತೆ ಅಷ್ಟೇ. ಒಟ್ಟು 5 ಕಿಲೋಮೀಟರಿಗೂ ಕಡಿಮೆ. "ಏಳು ಸುತ್ತಿನ ಕೋಟೆ ಹತ್ತಿದವನಿಗೆ ಇದೇನಮ್ಮ, ನಡಿ" ಅಂದರು ಅಪ್ಪ. ನಾನೂ ಹೂಂ ಅಂದೆ. ಆಗ ಗಂಟೆ ಹನ್ನೊಂದು. ಡಿಕ್ಕಿಯಲ್ಲಿ 24 ಬಾಟಲಿ ನೀರಿತ್ತು. ಕೈಯಲ್ಲಿ ಹಿಡಿದದ್ದು ಒಬ್ಬೊಬ್ಬರಿಗೆ ಅರ್ಧ ಲೀಟರ್.

ದಾರಿಯಲ್ಲಿ ಏರು ಜಾಸ್ತಿ ಇಲ್ಲ. ಮೋಸ ಹೋಗೋದೇ ಅಲ್ಲಿ. ನಡುವೆ ನೋಡೋದು ಬಹಳ ಇದೆ: 1858ರ ಹೊತ್ತಿಗೆ ಶುರುವಾದ ಟಪಾಲು ಬಂಡಿಗಳ ತಂಗುದಾಣದ ಅಡಿಪಾಯ, ಸೈನಿಕರ ಸ್ಮಶಾನ, ಅದರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಜೆರೊನಿಮೊನ ಪುಟ್ಟ ಮಗನ ಸಮಾಧಿ. ಅಪ್ಪ ಒಂದು ಬೋರ್ಡನ್ನೂ ಬಿಡದೆ ಓದಿದರು. ಅರ್ಧ ಗಂಟೆಯ ದಾರಿ ಒಂದೂಕಾಲು ಗಂಟೆ ಆಯ್ತು. ನೆರಳು ಅಂದರೆ ಮೆಸ್ಕೀಟ್ ಗಿಡದ್ದು, ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಅದರ ನೆರಳು ಎಷ್ಟು ಅಂತ ಊರ ಕಡೆಯವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಬೆವರು ಗೊತ್ತಾಗೋದೇ ಇಲ್ಲ, ಬಂದದ್ದು ಬಂದಂತೆ ಗಾಳಿಗೆ ಆರಿಬಿಡುತ್ತೆ. ಅಪ್ಪನ ನೀಲಿ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿತ್ತು, ನಾನು ಅದು ಧೂಳು ಅಂದುಕೊಂಡು ಕೈಯಲ್ಲಿ ಕೊಡವಿದೆ. ಊರಿನ ಮೇ ತಿಂಗಳಲ್ಲಿ ಅಂಗಿ ಒದ್ದೆಯಾದರೆ ನೀರು ಕುಡಿಬೇಕು ಅಂತ ನೆನಪಾಗುತ್ತೆ ಅಲ್ವಾ, ಇಲ್ಲಿ ಆ ಸೂಚನೆಯೇ ಇಲ್ಲ. ಅಷ್ಟೊತ್ತಿಗೆ ಬಾಟಲಿ ಎರಡೂ ಖಾಲಿ.

ಅಪಾಚೆ ಸ್ಪ್ರಿಂಗ್ ಅಂತ ಒಂದು ಒರತೆ ಇದೆ. 1862ರ ಜುಲೈನಲ್ಲಿ ಬಾಯಾರಿ ಬಂದ ಅಮೆರಿಕನ್ ಸೈನಿಕರಿಗೂ ಕೊಚೀಸ್, ಮಂಗಾಸ್ ಕೊಲೊರಾಡಾಸ್ ಅನ್ನೋ ನಾಯಕರ ಕಡೆಯ ಅಪಾಚೆಗಳಿಗೂ ಕಾದಾಟ ಆದದ್ದು ಈ ನೀರಿಗೇ, ಕೋಟೆ ಕಟ್ಟಿದ್ದೂ ಇದನ್ನು ಕಾಯಲಿಕ್ಕೇ. ಅಂಥ ಜಾಗಕ್ಕೆ ನೀರು ಬಿಟ್ಟು ಬಂದ ಜಾಣೆ ನಾನು! ಒರತೆ ನೀರು ಹಾಗೇ ಕುಡಿಯುವಂಥದ್ದಲ್ಲ, ನೋಡಿಕೊಂಡು ಮುಂದೆ ಹೋದೆವು.

ಕೋಟೆ ಸಿಕ್ಕಾಗ ಅಪ್ಪ "ಗೋಡೆ ಎಲ್ಲಮ್ಮ?" ಅಂದರು. ಈ ಕೋಟೆಗೆ ಸುತ್ತುಗೋಡೆ ಯಾವತ್ತೂ ಇರಲಿಲ್ಲ. 1894ರಲ್ಲಿ ಸೈನ್ಯ ಖಾಲಿ ಮಾಡಿದ ಮೇಲೆ ಕರಗಿ ಉಳಿದ ಮಣ್ಣಿನ ಮೋಟುಗೋಡೆಗಳು, ಸುತ್ತ ಬಯಲು, ತಲೆ ಮೇಲೆ ನೆಟ್ಟಗೆ ಬಿಸಿಲು. ಅಲ್ಲೇ ಅಪ್ಪ ನನ್ನ ಭುಜ ಹಿಡಿದುಕೊಂಡರು. ಮಾತು ತೊದಲುತ್ತಿತ್ತು. ಕೈ ಮುಟ್ಟಿದರೆ ಕಾದ ಹಂಚು.

ಆಚೆ ಮಾಹಿತಿ ಕೇಂದ್ರದಲ್ಲಿ ನಲ್ಲಿ ಇತ್ತು, ಬಚಾವಾದೆವು. ಒದ್ದೆ ಟವೆಲ್ ಕತ್ತಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ, ಎರಡು ಗಂಟೆ ನೆರಳಲ್ಲಿ ಕೂರಿಸಿದೆ. ಅಲ್ಲಿದ್ದವರು ಆಗ ಹೇಳಿದರು, ನಡೆಯಲಾಗದವರಿಗೆ ಬೇರೆ ರಸ್ತೆ ಇದೆಯಂತೆ, ಮೊದಲೇ ಫೋನ್ ಮಾಡಿ ಕೇಳಿದರೆ ದಾರಿ ಹೇಳುತ್ತಾರಂತೆ. ಸಿಟ್ಟು ಬಂತು, ನನ್ನ ಮೇಲೇ.

ಆ ಕೇಂದ್ರ ಯಾವಾಗಲೂ ತೆರೆದಿರುತ್ತೆ ಅಂದುಕೊಳ್ಳಬೇಡಿ, ದಿನ ಸಮಯ ನೋಡಿಕೊಂಡೇ ಹೊರಡಿ. ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೆಯಲ್ಲೇ ಹೋಗಬೇಕು ಅಂದರೆ ಬೆಳಕು ಹರಿಯುವಾಗಲೇ ನಡೆಯಲು ಶುರು ಮಾಡಿ, ಒಬ್ಬರಿಗೆ ಎರಡು ಲೀಟರ್ ಬೆನ್ನ ಮೇಲಿರಲಿ, ಜೊತೆಗೆ ಉಪ್ಪು ಸಕ್ಕರೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಮಳೆ ಬಂದರೆ ಒಣ ಹಳ್ಳಗಳು ದಿಢೀರ್ ತುಂಬಿಕೊಳ್ಳುತ್ತವೆ, ಹರಿಯುವ ನೀರು ದಾಟಲು ಹೋಗಬೇಡಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಬಾಲ ಗಿಲಕಿಯಂತೆ ಆಡಿಸುವ ವಿಷದ ಹಾವು (ರ್ಯಾಟಲ್ ಸ್ನೇಕ್) ಇರುತ್ತೆ.