ಬುರುಡೆ ಕೊಳ್ಳೋಕೆ ಹೋಗುವಾಗ ಪೊರಕೆ ಕಡ್ಡಿ ಒಯ್ಯಿರಿ

ಬಿಡಿಎಸ್ ಮೊದಲ ವರ್ಷಕ್ಕೆ ಸೇರಿದ ಮೇಲೆ ನಾನು ಕೊಂಡ ಮೊದಲ ದುಬಾರಿ ಸಾಮಾನು ಈ ಪ್ಲಾಸ್ಟಿಕ್ ತಲೆಬುರುಡೆ. ಸೀನಿಯರ್‌ಗಳ ಹತ್ತಿರ ಹಳೆಯ ಬೋನ್ ಸೆಟ್ ಸಿಗುತ್ತದೆ ಅಂತ ಕೇಳಿಕೊಂಡು ಹೋದರೆ ನನ್ನ ಪಾಲಿಗೆ ಉಳಿದದ್ದು ಒಂದು ತೊಡೆಮೂಳೆ. ಹಲ್ಲಿನ ಡಾಕ್ಟರ್‌ಗೆ ತೊಡೆಮೂಳೆ ಯಾಕೆ ಹೇಳಿ? ಕೊನೆಗೆ ದಾವಣಗೆರೆಯಲ್ಲೇ ಮೆಡಿಕಲ್ ಸಾಮಾನು ಮಾರುವ ಒಂದು ಅಂಗಡಿಯಲ್ಲಿ 1,900 ರೂಪಾಯಿ ಕೊಟ್ಟು ಹೊಸದು ತಂದೆ. ಮೂರು ತಿಂಗಳಾಯ್ತು.

ಹೊರಗಡೆಯಿಂದ ನೋಡಿದರೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಅಳತೆ ನಿಜವಾದ ತಲೆಯದೇ. ಮೇಲಿನ ಚಿಪ್ಪು ಡಬ್ಬಿ ಮುಚ್ಚಳದ ಹಾಗೆ ಬಿಚ್ಚಿ ಬರುತ್ತದೆ, ಕೆಳದವಡೆಗೆ ಎರಡೂ ಕಡೆ ಸ್ಪ್ರಿಂಗ್ ಇದೆ. ಬುರುಡೆಯ 22 ಮೂಳೆಗಳಲ್ಲಿ ಮೆದುಳನ್ನು ಕಾಯುವುದು 8, ಮುಖದ್ದು 14, ಅಷ್ಟರಲ್ಲಿ ಅಲ್ಲಾಡುವುದು ಈ ಕೆಳದವಡೆ ಒಂದೇ. ಉಳಿದವು ಹೊಲಿಗೆ ಹಾಕಿದ ಹಾಗೆ ಸೇರಿಕೊಂಡಿರುತ್ತವೆ, ಆ ಹೊಲಿಗೆಗಳನ್ನು ಇದರಲ್ಲಿ ನೀಟಾಗಿ ಕೊರೆದಿದ್ದಾರೆ. ಕಣತಲೆಯ ಹತ್ತಿರ ನಾಲ್ಕು ಮೂಳೆ ಕೂಡುವ ಟೆರಿಯಾನ್ ಕೂಡ ಸರಿಯಾಗಿ ಬಂದಿದೆ. ಅಲ್ಲಿ ಮೂಳೆ ತೆಳು, ಹಿಂದೆಯೇ ಮಿಡಲ್ ಮೆನಿಂಜಿಯಲ್ ರಕ್ತನಾಳ ಹಾದು ಹೋಗುತ್ತದೆ. ಪೆಟ್ಟು ಬಿದ್ದು ಅದು ಹರಿದರೆ ರಕ್ತ ಒಳಗೇ ತುಂಬಿ ಮೆದುಳನ್ನು ಒತ್ತುತ್ತದೆ. ಇದನ್ನು ಓದಿದ ದಿನದಿಂದ, ಹೆಲ್ಮೆಟ್‌ನ ಕೈಗೆ ಸಿಕ್ಕಿಸಿಕೊಂಡು ಗುಂಡಿ ಸರ್ಕಲ್ ದಾಟುವವರನ್ನು ಕಂಡರೆ ನನಗೆ ಅವರ ಕಣತಲೆಯೇ ಕಾಣಿಸುತ್ತದೆ.

ಗೋಳು ಇರುವುದು ತಿರುಗಿಸಿ ಹಿಡಿದಾಗ.

ನಮಗೆ ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಜಾಸ್ತಿ ಕೇಳುವುದು ಬುರುಡೆಯ ತಳ, ಅದರ ತೂತುಗಳು, ಯಾವ ತೂತಿನಲ್ಲಿ ಯಾವ ನರ ಅಂತ. ಬೆನ್ನುಹುರಿ ಇಳಿಯುವ ದೊಡ್ಡ ತೂತು ಫೊರಾಮೆನ್ ಮ್ಯಾಗ್ನಮ್ ಸರಿಯಾಗಿದೆ, ಅದಕ್ಕೆ ಹೆಬ್ಬೆರಳೇ ಹೋಗುತ್ತದೆ, ತಪ್ಪು ಮಾಡೋಕೂ ಆಗಲ್ಲ. ಫೊರಾಮೆನ್ ಓವಲೆಗೆ ಪೊರಕೆ ಕಡ್ಡಿ ತೂರಿಸಿದೆ. ಬಲಗಡೆ ಹೋಯ್ತು, ಎಡಗಡೆ ಬಂದ್. ಕೆಳದವಡೆಗೆ ಬರುವ ನರ ಇಳಿಯುವುದೇ ಅಲ್ಲಿಂದ! ಪಕ್ಕದ ಫೊರಾಮೆನ್ ಸ್ಪೈನೋಸಮ್ ಅಂತೂ ತೂತೇ ಅಲ್ಲ, ಎರಡೂ ಕಡೆ ಕಪ್ಪು ಬಣ್ಣದ ಚುಕ್ಕೆ. ಆಗ ಹೇಳಿದೆನಲ್ಲ, ಆ ರಕ್ತನಾಳ ಬುರುಡೆಯೊಳಗೆ ಬರುವುದು ಈ ಚುಕ್ಕೆಯ ಮೂಲಕವೇ. ಕೆಳದವಡೆಯ ಒಳಮಗ್ಗುಲಿಗೆ ಒಂದು ತೂತು ಇರಬೇಕು, ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಡುವುದು ಅದರ ಆಸುಪಾಸಿನಲ್ಲೇ. ಅಲ್ಲಿ ಬರೀ ಒಂದು ಗುಳಿ. ಬಿಡಿಎಸ್ ಹುಡುಗಿಗೆ ಇದಕ್ಕಿಂತ ಮೋಸ ಬೇಕಾ?

ಕಿವಿ ಕೆಳಗಿನ ಸೂಜಿಯಂಥ ಸ್ಟೈಲಾಯ್ಡ್ ಮೊದಲ ವಾರವೇ ಹರಿಹರದ ಬಸ್ಸಿನ ನೂಕಾಟದಲ್ಲಿ ಮುರಿಯಿತು. ಅದಕ್ಕೆ ತಕರಾರಿಲ್ಲ, ನಿಜವಾದ ಬುರುಡೆಯಲ್ಲೂ ಅದು ಸುಲಭವಾಗಿ ಮುರಿಯುತ್ತದೆ. ಫೆವಿಕ್ವಿಕ್ ಹಾಕಿದೆ.

ವಾಪಸ್ ಕೊಡಲು ಹೋದರೆ ಅಂಗಡಿಯವರು, "ಬಾಕ್ಸ್ ಒಡೆದ ಮೇಲೆ ಬರಲ್ಲಮ್ಮ. ಅಲ್ಲ, ತೂತಿನೊಳಗೆ ಕಡ್ಡಿ ಹಾಕಿ ನೋಡಿದವರು ನೀವೇ ಮೊದಲು" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮನೆಯಲ್ಲಿ ಅಜ್ಜಿ ಇದನ್ನು ನೋಡಿ ಮೊದಲು ಟವೆಲ್ ಹೊದಿಸಿಟ್ಟಿದ್ದರು. ಒಂದು ಸಂಜೆ ತಾವೇ ಟವೆಲ್ ತೆಗೆದು, ಮುಂದಿನ ಹೊಲಿಗೆಯೂ ನಡುವಿನ ಹೊಲಿಗೆಯೂ ಕೂಡುವ ಜಾಗಕ್ಕೆ ಬೆರಳಿಟ್ಟು, "ಕೂಸಿಗೆ ಎಣ್ಣೆ ಇಡೋ ನೆತ್ತಿ ಇದೇ ಅಲ್ಲೇನೇ?" ಅಂದರು. ಅದೇ. ಸುಮಾರು ಒಂದೂವರೆ ವರ್ಷಕ್ಕೆ ಅದು ಮುಚ್ಚಿಕೊಳ್ಳುತ್ತದೆ, ಆಮೇಲೆ ಉಳಿಯುವುದು ಬ್ರೆಗ್ಮಾ ಅನ್ನುವ ಗುರುತು. ನಾನು ಎರಡು ದಿನ ಉರು ಹೊಡೆದಿದ್ದೆ.

ನರ್ಸಿಂಗ್ ಓದುವವರಿಗೆ, ಮೂಳೆಗಳ ಹೆಸರಷ್ಟೇ ಸಾಕು ಅನ್ನುವವರಿಗೆ ಇದು ನಡೆಯುತ್ತದೆ. ಬಿಡಿಎಸ್, ಎಂಬಿಬಿಎಸ್‌ನವರು ಅವಸರ ಮಾಡಬೇಡಿ. 5ಕ್ಕೆ 2 ಸ್ಟಾರ್. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಓವಲೆ, ಸ್ಪೈನೋಸಮ್, ದವಡೆಯ ಒಳಗಿನ ತೂತು, ಈ ಮೂರಕ್ಕೂ ಎರಡೂ ಕಡೆ ಕಡ್ಡಿ ತೂರಿಸಿ ನೋಡಿ, ಆಮೇಲೆ ದುಡ್ಡು ಕೊಡಿ.