ಆರು ಮಾಡ್ಯೂಲ್, ಒಂದೇ ಕಂಟ್ರೋಲ್ ಕಾರ್ಡ್: ಪ್ಲೇಟಿಂಗ್ ರೆಕ್ಟಿಫೈಯರ್ ಬಳಸಿದವನ ಮಾತು

ಪೀಣ್ಯದಲ್ಲಿ ನಮ್ಮದು ಸಣ್ಣ ನಿಕ್ಕಲ್ ಪ್ಲೇಟಿಂಗ್ ಘಟಕ, ಅಂದರೆ ಟ್ಯಾಂಕಿನ ದ್ರಾವಣದಲ್ಲಿ ಕರೆಂಟ್ ಹರಿಸಿ ಲೋಹದ ಮೇಲೆ ನಿಕ್ಕಲ್ ಪದರ ಕೂರಿಸುವ ಕೆಲಸ. ಅದಕ್ಕೆ ಬೇಕಾದ ಡಿಸಿ ಕರೆಂಟ್ ಕೊಡುವ ಯಂತ್ರವೇ ರೆಕ್ಟಿಫೈಯರ್. ಎಣ್ಣೆ ತುಂಬಿದ ಹಳೆಯ ಥೈರಿಸ್ಟರ್ ರೆಕ್ಟಿಫೈಯರನ್ನು ಗುಜರಿಗೆ ಹಾಕಿ, 500 ಆಂಪಿಯರ್‌ನ ಆರು ಮಾಡ್ಯೂಲ್‌ಗಳನ್ನು ಸಮಾನಾಂತರವಾಗಿ ಜೋಡಿಸಿದ 12 ವೋಲ್ಟ್‌ನ ಡಿಜಿಟಲ್ ರೆಕ್ಟಿಫೈಯರ್ ತಂದು ಮೂರನೆಯ ವರ್ಷ ನಡೆಯುತ್ತಿದೆ. ದಕ್ಷತೆ, ರಿಪಲ್, ಪವರ್ ಫ್ಯಾಕ್ಟರ್ ಎಲ್ಲವೂ ಕೊಟೇಶನ್ ಜೊತೆಗಿನ ಹಾಳೆಯಲ್ಲಿ ಇರುತ್ತವೆ, ನೀವೂ ನೋಡಿರುತ್ತೀರಿ. ವಿದ್ಯುತ್ ಬಿಲ್ಲು ಇಳಿದದ್ದು ನಿಜ. ಆದರೆ ನಾನು ಬರೆಯಲು ಕುಳಿತದ್ದು ಅದಕ್ಕಲ್ಲ.

ನಿಕ್ಕಲ್ ಕೆಲಸದಲ್ಲಿ ನಡುವೆ ಕರೆಂಟ್ ಕಡಿದುಹೋಗುವುದಕ್ಕೆ ಹೆದರುವಷ್ಟು ಬೇರೆ ಯಾವುದಕ್ಕೂ ನಾವು ಹೆದರುವುದಿಲ್ಲ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಸಾಕು, ಆಗಲೇ ಕೂತ ಪದರದ ಮೇಲ್ಮೈ ನಿಷ್ಕ್ರಿಯವಾಗಿ, ಮುಂದೆ ಬರುವ ನಿಕ್ಕಲ್ ಅದಕ್ಕೆ ಅಂಟುವುದಿಲ್ಲ. ನೋಡಲು ಫಳಫಳ ಹೊಳೆಯುತ್ತದೆ. ಗಿರಾಕಿ ಬಗ್ಗಿಸಿ ನೋಡಿದ ದಿನ ಎದ್ದು ಬರುತ್ತದೆ. ಹಳೆಯ ಯಂತ್ರದಲ್ಲಿ ಕರೆಂಟ್ ಹಿಡಿತದಲ್ಲಿಡುವ ಒಂದು ಥೈರಿಸ್ಟರ್ ಸುಟ್ಟರೆ ಟ್ಯಾಂಕಿನಲ್ಲಿದ್ದ ಮಾಲೆಲ್ಲ ರಿಜೆಕ್ಟ್.

ಹೊಸದು ಬಂದ ಮೊದಲ ಬೇಸಿಗೆಯಲ್ಲೇ ನಾಲ್ಕನೆಯ ಮಾಡ್ಯೂಲಿನ ಫ್ಯಾನ್ ಜಾಮ್ ಆಗಿ, ಬಿಸಿಯೇರಿ ಅದು ನಿಂತುಬಿಟ್ಟಿತು. ಆಗ ಟ್ಯಾಂಕಿಗೆ ಹೋಗುತ್ತಿದ್ದದ್ದು 2100 ಆಂಪಿಯರ್, ಪ್ರತಿ ಮಾಡ್ಯೂಲಿಗೆ 350. ಉಳಿದ ಐದು ತಮ್ಮಷ್ಟಕ್ಕೆ 420ಕ್ಕೆ ಏರಿ ನಿಂತವು. ಬಜರ್ ಕೇಳಿ ನಾವು ಒಳಗೆ ಓಡಿದಾಗ ಒಟ್ಟು ಆಂಪಿಯರ್ ಅಲ್ಲಾಡದೆ ಹಾಗೇ ಇತ್ತು. ಆ ಲಾಟಿನ ಒಂದು ಪೀಸೂ ವಾಪಸ್ ಬರಲಿಲ್ಲ. ಕೊಟ್ಟ ಹಣ ಸಾರ್ಥಕ ಅನ್ನಿಸಿದ್ದು ಅವತ್ತು.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. 2700 ಆಂಪಿಯರ್ ಎಳೆಯುವಂಥ ಲೋಡ್ ಹಾಕಿದರೆ ಈ ಆಟ ನಡೆಯುವುದಿಲ್ಲ. ಒಂದು ನಿಂತರೆ ಉಳಿದವುಗಳ ಪಾಲಿಗೆ 540 ಬೀಳುತ್ತದೆ, ಅವುಗಳ ಮಿತಿಯೇ 500. ಆರನೆಯದನ್ನು ದುಡಿಮೆಗೆಂದು ಎಣಿಸದವನಿಗೆ ಮಾತ್ರ ಅದು ಆಪತ್ತಿಗೆ ಒದಗುತ್ತದೆ. ಆರ್ಡರ್ ಹೆಚ್ಚಾದಾಗ ಇದನ್ನು ಪಾಲಿಸುವುದು ಕಷ್ಟ.

ಬೆಳಗಿನ ಕೆಲಸ ನನಗೆ ಇಷ್ಟ. ಮಾಡ್ಯೂಲ್‌ಗಳು ಗಾಳಿಯಿಂದ ತಣ್ಣಗಾಗುವಂಥವು. ಆಸಿಡ್ ಆವಿ ಎಳೆದುಕೊಂಡರೆ ಬೋರ್ಡುಗಳು ಉಳಿಯುವುದಿಲ್ಲವೆಂದು ಗೋಡೆಯಾಚೆಯ ಕೋಣೆಯಲ್ಲಿ ಇಟ್ಟಿದ್ದೇವೆ. ಮೇನ್ ಹಾಕಿದರೆ ಒಂದಾದ ಮೇಲೊಂದು ಫ್ಯಾನ್ ಏಳುವ ಸದ್ದು, ಆಮೇಲೆ ಆರು ಪುಟ್ಟ ಡಿಸ್‌ಪ್ಲೇಗಳಲ್ಲಿ ಅಂಕಿ. ಲೋಡ್ ಏರಿದ ಮೇಲೆ ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಮಾಡ್ಯೂಲಿನ ತಾಮ್ರದ ಪಟ್ಟಿಯು ಎಲ್ಲದರ ಕರೆಂಟನ್ನೂ ಟ್ಯಾಂಕಿಗೆ ಒಯ್ಯುವ ದೊಡ್ಡ ಬಸ್‌ಬಾರ್ ಸೇರುವ ಪ್ರತಿ ಬೋಲ್ಟಿನ ಆಚೆ ಈಚೆ ಎರಡು ಮೊನೆ ಒತ್ತಿ ನೋಡುತ್ತೇನೆ. 10 ಮಿಲಿವೋಲ್ಟ್ ಒಳಗಿದ್ದರೆ ಸರಿ. 60 ಕಂಡಿತೆಂದರೆ 400 ಆಂಪಿಯರಿಗೆ ಆ ಜಾಯಿಂಟ್ 24 ವ್ಯಾಟ್ ತಿಂದು ಶಾಖವಾಗಿಸುತ್ತಿದೆ ಎಂದರ್ಥ. ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು. ಎಮರಿ ಪೇಪರಿನಲ್ಲಿ ಕೆಂಪು ಕಾಣುವವರೆಗೆ ಉಜ್ಜಿ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಮತ್ತೆ ಬಿಗಿದು ಅಳೆದಾಗ ಅಂಕಿ 7ಕ್ಕೋ 8ಕ್ಕೋ ಇಳಿಯುವುದನ್ನು ನೋಡುವ ಖುಷಿಯೇ ಬೇರೆ. ಗೋಡೆಯಾಚೆ ಇಟ್ಟಿದ್ದಕ್ಕೆ ದಂಡವೂ ಇದೆ: ಟ್ಯಾಂಕು ಹತ್ತು ಮೀಟರ್ ದೂರ, ಕರೆಂಟ್ ಹೋಗಿ ಬರಲು ಇಪ್ಪತ್ತು. 1600 ಚದರ ಮಿಲಿಮೀಟರ್ ತಾಮ್ರ ಹಾಕಿದರೂ 2100 ಆಂಪಿಯರಿಗೆ ಸುಮಾರು ಅರ್ಧ ವೋಲ್ಟ್ ದಾರಿಯಲ್ಲೇ ಖರ್ಚು.

ಇನ್ನು ನನ್ನ ತಕರಾರು. ಆರು ಮಾಡ್ಯೂಲಿಗೂ ಎಷ್ಟು ಆಂಪಿಯರ್ ಕೊಡಬೇಕೆಂದು ಹೇಳುವುದು ಒಂದೇ ಕಂಟ್ರೋಲ್ ಕಾರ್ಡ್. ಕಳೆದ ಮಳೆಗಾಲದ ಒಂದು ಸಂಜೆ ಗುಡುಗು ಮಿಂಚಿನ ನಡುವೆ ಅದು ಸತ್ತಿತು. ಕಾರ್ಡಿನಿಂದ ಸಂದೇಶ ಬರದಿದ್ದರೆ ಮಾಡ್ಯೂಲ್‌ಗಳು ಸೊನ್ನೆಗೆ ಇಳಿಯಬೇಕೆಂಬುದು ಸುರಕ್ಷತೆಯ ಏರ್ಪಾಡು, ತಪ್ಪೆನ್ನಲಾರೆ. ಆದರೆ ಗಟ್ಟಿಮುಟ್ಟಾದ ಆರು ಎತ್ತುಗಳಿಗೆ ಒಂದೇ ಮೂಗುದಾರ, ಅದು ಹರಿದರೆ ಉಳುಮೆಯೇ ಇಲ್ಲ! ಒಂದು ಕೆಟ್ಟರೂ ಕೆಲಸ ನಿಲ್ಲದು ಎಂದು ಮಾರಿದವರು ಕಾರ್ಡಿನ ವಿಷಯ ಬಾಯಿಬಿಟ್ಟಿರಲಿಲ್ಲ. ಫೋನ್ ಮಾಡಿದರೆ, ಸ್ಟಾಕ್ ಇಲ್ಲ, ತರಿಸಬೇಕು, ಮೊದಲು ಪೂರ್ತಿ ಹಣ ಕಟ್ಟಿ ಎಂಬ ಉತ್ತರ. ಎರಡು ಲಾಟನ್ನು ಪಕ್ಕದ ಬೀದಿಯ ಘಟಕಕ್ಕೆ ಕಳಿಸಿ, ಲಾಭವನ್ನು ಅವರಿಗೇ ಬಿಟ್ಟುಕೊಟ್ಟೆ.

ದಾರಿ ತೋರಿಸಿದವರು ನಮ್ಮ ಎಲೆಕ್ಟ್ರಿಷಿಯನ್. ಪ್ರತಿ ಮಾಡ್ಯೂಲಿನ ಹಿಂದೆ ಲೋಕಲ್ ಮತ್ತು ರಿಮೋಟ್ ಎಂಬ ಸಣ್ಣ ಸ್ವಿಚ್ ಇದೆ. ಆರನ್ನೂ ಲೋಕಲ್‌ಗೆ ಹಾಕಿ, ಹಳೆಯ ಅಭ್ಯಾಸದಂತೆ ಎಲ್ಲಕ್ಕೂ 8 ವೋಲ್ಟ್ ಇಟ್ಟರು. ಡಿಸ್‌ಪ್ಲೇಗಳೆಲ್ಲ 8.0 ಅನ್ನುತ್ತಿದ್ದರೂ ಎರಡನೆಯದು ನೇರ 500ಕ್ಕೆ ಹೋಗಿ ಮಿತಿಗೆ ತಾಗಿತು, ಐದನೆಯದು ಹತ್ತನ್ನೂ ದಾಟಲಿಲ್ಲ. ಒಳಗಿನ ಅಳತೆಯಲ್ಲಿ ಕೆಲವೇ ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ, ಬಸ್‌ಬಾರಿನ ರೋಧ ಅಷ್ಟು ಕಡಿಮೆಯಾದ್ದರಿಂದ ಹೆಚ್ಚು ವೋಲ್ಟಿನದೇ ಹೊರೆಯೆಲ್ಲ ಹೊರುತ್ತದೆ. "ಸರ್, ವೋಲ್ಟ್ ಬೇಡ, ಆಂಪಿಯರನ್ನೇ ಕಟ್ಟಿಹಾಕೋಣ" ಎಂದು ಅವರು ಎಲ್ಲವನ್ನೂ ಸ್ಥಿರ ಕರೆಂಟಿಗೆ ತಿರುಗಿಸಿ ತಲಾ 350 ಇಟ್ಟರು. ಜಗಳ ಮುಗಿಯಿತು. ಸ್ಥಿರ ಕರೆಂಟಿನ ಮೂಲಗಳು ಒಂದರ ಪಾಲಿಗೆ ಇನ್ನೊಂದು ಕೈ ಹಾಕುವುದಿಲ್ಲ, ಸುಮ್ಮನೆ ಕೂಡುತ್ತವೆ. ಹಂಚಲು ಕಾರ್ಡೇ ಬೇಕಿಲ್ಲ.

ಕಾರ್ಡ್ ಬರುವವರೆಗೂ ಹೀಗೇ ದುಡಿದೆವು. ಒಂದು ಮಾಡ್ಯೂಲ್ ನಿಂತರೆ ಉಳಿದವು ಏರುವ ಸೌಕರ್ಯ ಆಗ ಇರಲಿಲ್ಲವಾದ್ದರಿಂದ ಹುಡುಗನೊಬ್ಬನನ್ನು ಅಲ್ಲೇ ಕೂರಿಸಬೇಕಾಯಿತು. ಆಂಪಿಯರ್-ಗಂಟೆಯ ಒಟ್ಟು ಲೆಕ್ಕವೂ ಇಲ್ಲ. ಪದರಕ್ಕೆ ಹೊಳಪು ಕೊಡುವ ಬ್ರೈಟ್ನರನ್ನು ನಾವು ಟ್ಯಾಂಕಿಗೆ ಹಾಕುವುದು ಆ ಲೆಕ್ಕದ ಮೇಲೆಯೇ, ಹಾಗಾಗಿ ಗೋಡೆ ಗಡಿಯಾರ ನೋಡಿ ಪುಸ್ತಕದಲ್ಲಿ ಗುಣಿಸಿ ಬರೆದೆವು. ಮಾರಿದವರ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಯಂತ್ರದ ಮೇಲಿನದು ಇಳಿದಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಮ್ಮಂತೆ ಒಂದೇ ಪಾಳಿಯಲ್ಲಿ, ಸಾಲದ ಕಂತು ಕಟ್ಟುತ್ತಾ ನಡೆಸುವವರು ಏಳನೆಯ ಮಾಡ್ಯೂಲಿಗೆ ಹಣ ಹಾಕಬೇಡಿ. ಅದಕ್ಕಿಂತ ಕಡಿಮೆಗೆ ಇನ್ನೊಂದು ಕಂಟ್ರೋಲ್ ಕಾರ್ಡ್ ಬರುತ್ತದೆ; ಖರೀದಿ ಆದೇಶದಲ್ಲೇ ಅದನ್ನು ಬರೆಸಿ, ಈಗಿರುವ ಸೆಟ್ಟಿಂಗ್‌ಗಳನ್ನು ಅದಕ್ಕೆ ತುಂಬಿಸಿಕೊಂಡು ಬೀರುವಿನಲ್ಲಿಡಿ. ಲೋಕಲ್ ಸ್ವಿಚ್ ಇಲ್ಲದ ಮಾದರಿಯಾದರೆ, ಎಷ್ಟೇ ಅಗ್ಗವಿರಲಿ, ನಾನು ಕೊಳ್ಳುವುದಿಲ್ಲ.