ನಡುರಾತ್ರಿಯ ಭಯಕ್ಕೆ ಚಾಟ್‌ಬಾಟ್: ನನ್ನ ಏಳು ತಿಂಗಳ ಅನುಭವ

ನನಗೆ 27 ವರ್ಷ, ಮನೆ ಉಡುಪಿ ಹತ್ತಿರ ಕಲ್ಯಾಣಪುರ. ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಹನ್ನೆರಡು ಕೀಮೋ ಮುಗಿದು ಎರಡು ವರ್ಷ ಆಯಿತು. "ಎಲ್ಲ ಸರಿಯಾಯ್ತಲ್ಲ, ಇನ್ನೇನು?" ಅಂತ ಕೇಳುತ್ತಾರೆ. ಭಯ ಶುರುವಾದದ್ದೇ ಆಮೇಲೆ ಮಾರಾಯ್ರೆ. ಸ್ಕ್ಯಾನ್ ಹತ್ತಿರ ಬಂದರೆ ನಿದ್ದೆಯಿಲ್ಲ. ಅಮ್ಮನನ್ನು ಎಬ್ಬಿಸಿದರೆ ಅವರಿಗೂ ಇಲ್ಲ. ಹಾಗಾಗಿ ಫೋನಿನಲ್ಲಿ ಒಂದು ಎಐ ಚಾಟ್‌ಬಾಟ್ ಬಳಸಲು ಶುರುಮಾಡಿದೆ, ದುಡ್ಡು ಕೊಡದೆ ಸಿಗುವಂಥದ್ದು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಅದರಲ್ಲಿ ಎರಡು ಅಂಕ ಒಂದೇ ಕೆಲಸಕ್ಕೆ. ಡಿಸ್ಚಾರ್ಜ್ ಸಮ್ಮರಿಯಲ್ಲಿದ್ದ ಔಷಧಿಗಳ ಹೆಸರು ಹಾಕಿ ಕೇಳಿದೆ. ವಾರ್ಡಿನಲ್ಲಿ ನಾವು 'ಕೆಂಪು ಔಷಧಿ' ಅನ್ನುತ್ತಿದ್ದ ಡಾಕ್ಸೊರುಬಿಸಿನ್‌ನಿಂದ ವರ್ಷಗಳ ನಂತರವೂ ಹೃದಯಕ್ಕೆ ತೊಂದರೆ ಆಗಬಹುದು, ಬ್ಲಿಯೊಮೈಸಿನ್‌ನಿಂದ ಶ್ವಾಸಕೋಶಕ್ಕೆ ಅಂತ ಸರಳವಾಗಿ ಹೇಳಿತು. ಮೊದಲೇ ಯಾರಾದರೂ ಹೇಳಿದ್ದರೂ ಆಗ ನನ್ನ ತಲೆಗೆ ಹೋಗಿರಲಿಕ್ಕಿಲ್ಲ. ಡಾಕ್ಟ್ರ ಹತ್ರ ಏನು ಕೇಳಬೇಕು ಅಂತ ಪ್ರಶ್ನೆ ಬರೆದುಕೊಡಲು ಹೇಳಿದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಯಾವಾಗ ಮಾಡಿಸಬೇಕು? ಮುಂದೆ ಮಗು ಆಗಲು ತೊಂದರೆ ಇದೆಯಾ? ಎರಡನೆಯದು ಅಮ್ಮನ ಎದುರು ಎಷ್ಟೋ ಸಲ ಗಂಟಲಲ್ಲೇ ಉಳಿದಿತ್ತು. ಈ ಸಲ ಬಾಯಿ ಬಿಡದೆ ಚೀಟಿಯನ್ನೇ ಮೇಜಿನ ಮೇಲೆ ಇಟ್ಟೆ. ಡಾಕ್ಟ್ರು ಓದಿದರು, ಅಮ್ಮನನ್ನು ಸ್ವಲ್ಪ ಹೊರಗೆ ಕೂರಲು ಹೇಳಿದರು, ಹದಿನೈದು ನಿಮಿಷ ಮಾತಾಡಿದರು.

ನಮ್ಮಂಥವರಿಗೆಂದೇ ಮಾಡಿದ ಚಾಟ್‌ಬಾಟ್ ಕೂಡ ಇತ್ತು. ಅಮೆರಿಕದ ವಿವಿಬಾಟ್. ಚಿಕಿತ್ಸೆ ಮುಗಿಸಿದ 45 ಯುವಜನರ ಜೊತೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಆತಂಕ ಸ್ವಲ್ಪ ಇಳಿದ ಹಾಗೆ ಕಂಡಿತ್ತು. ಕನ್ನಡದಲ್ಲಿ ಅಂಥದ್ದೊಂದು ಬರಬೇಕು ಅಂತ ನನಗೆ ತುಂಬಾ ಆಸೆ. ಯಾಕೆಂದರೆ ನಾನು ಬಳಸುವುದು "ನಿಮ್ಮ ಭಾವನೆಗಳು ಮಾನ್ಯವಾಗಿವೆ" ಅನ್ನುತ್ತದೆ. ಅಳುತ್ತಾ ಕೂತವಳಿಗೆ ಆ ಮಾತು ಸರ್ಕಾರಿ ಪತ್ರ ಓದಿದ ಹಾಗಿತ್ತು. "ಅಕ್ಕ ತಂಗಿಗೆ ಹೇಳುವ ಹಾಗೆ ಹೇಳು" ಅಂದ ಮೇಲೆ ಸ್ವಲ್ಪ ಸುಧಾರಿಸಿತು.

ಒಂದೂವರೆ ಅಂಕ ಯಾಕೆ ಕಳೆದೆ? ಮಂಗಳೂರಿನಲ್ಲಿ ಕ್ಯಾನ್ಸರ್ ಗೆದ್ದವರ ಗುಂಪು ಇದೆಯಾ ಅಂತ ಕೇಳಿದ್ದೆ. ಹೆಸರು, ನಂಬರು ಎರಡೂ ಕೊಟ್ಟಿತು. ಫೋನ್ ಮಾಡಿದರೆ ಅಂಥ ನಂಬರೇ ಇಲ್ಲ. ಧೈರ್ಯ ಒಟ್ಟುಮಾಡಿ ಫೋನ್ ಮಾಡಿದ್ದೆ, ಆ ಬೇಜಾರು ಎರಡು ದಿನ ಹೋಗಲಿಲ್ಲ. ಇನ್ನೊಂದು ರಾತ್ರಿ ಕುತ್ತಿಗೆಯಲ್ಲಿ ಚಿಕ್ಕ ಗಂಟು ಕೈಗೆ ಸಿಕ್ಕಿತು. ಶೀತಕ್ಕೂ ಹಾಗಾಗಬಹುದು ಅಂತ ಮೊದಲು ಸರಿಯಾಗಿಯೇ ಹೇಳಿತು. "ವಾಪಸ್ ಬಂದಿರಬಹುದು ಅಲ್ವಾ?" ಅಂತ ನಾನು ಮೂರು ಸಲ ಕೇಳಿದಾಗ ನಿಧಾನಕ್ಕೆ ನನ್ನ ಭಯದ ಕಡೆಗೇ ವಾಲಿತು. ಬೆಳಿಗ್ಗೆ ಹೋಗಿ ತೋರಿಸಿದೆ. ಡಾಕ್ಟ್ರು ಕೈಯಲ್ಲಿ ಮುಟ್ಟಿ ನೋಡಿ, ಶೀತದ್ದೇ ಅಂದರು. ಹತ್ತು ದಿನದಲ್ಲಿ ಇಳಿಯಿತು. ಗಂಟು, ಜ್ವರ, ಉಸಿರಾಟದ ವಿಷಯ ಈಗ ಅದರ ಹತ್ರ ಕೇಳುವುದೇ ಇಲ್ಲ.

ಬಳಸುವುದಾದರೆ ಹೆಸರು, ಆಸ್ಪತ್ರೆ ನಂಬರು ಹಾಕಬೇಡಿ. ಮನಸ್ಸು ತೀರಾ ಕುಸಿದ ರಾತ್ರಿ ಚಾಟ್‌ಬಾಟ್ ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಒಮ್ಮೆ ಮಾಡಿದ್ದೆ. ಅತ್ತು ಮುಗಿಯುವವರೆಗೆ ಆ ಕಡೆಯವರು ಸುಮ್ನೆ ಕಾದರು.